ಏಕಾಕಿನಿಯ ಆಯವ್ಯಯ: ಪ್ರಾಚೀನ ಶಾಸ್ತ್ರಗಳಲ್ಲಿ ಒಂಟಿ ಸ್ತ್ರೀಯ ಜೀವನೋಪಾಯವಿಚಾರ

೧. ವಿಷಯಪ್ರವೇಶ

ಭರತಖಂಡದ ಪ್ರಾಚೀನ ಶಾಸ್ತ್ರಗ್ರಂಥಗಳು ಬಹುಮಟ್ಟಿಗೆ ಅವಿಭಕ್ತ ಕುಟುಂಬವನ್ನೇ ಲಕ್ಷ್ಯದಲ್ಲಿಟ್ಟುಕೊಂಡು ರಚಿತವಾದವು. ತಂದೆತಾಯಿಗಳು, ಮಕ್ಕಳು, ಸೊಸೆಯಂದಿರು, ಸೇವಕರು ಎಲ್ಲರೂ ಒಂದೇ ಒಲೆಯ ಅನ್ನವನ್ನುಂಡು, ಒಂದೇ ಕಣಜದ ಧಾನ್ಯದಿಂದ ಜೀವಿಸುವುದು ಅವುಗಳ ದೃಷ್ಟಿಯಲ್ಲಿ ಸಹಜಸ್ಥಿತಿ. ಇಂಥ ಮನೆಯಲ್ಲಿ ಹಣವು ಯಾರದೆಂಬ ಪ್ರಶ್ನೆಯು ವಿಭಾಗಕಾಲದಲ್ಲಲ್ಲದೆ ಸಾಧಾರಣವಾಗಿ ಏಳುವುದಿಲ್ಲ. ಆದರೆ ಯಾವ ಕಾಲದಲ್ಲಿಯೂ ಎಲ್ಲರಿಗೂ ಇಂಥ ಮನೆಯು ದೊರೆತುದಿಲ್ಲ. ಗಂಡನು ವ್ಯಾಪಾರಕ್ಕಾಗಿಯೋ ವಿದ್ಯೆಗಾಗಿಯೋ ರಾಜಕಾರ್ಯಕ್ಕಾಗಿಯೋ ದೇಶಾಂತರಕ್ಕೆ ಹೋದವಳು, ಗಂಡನು ಸತ್ತು ಮಕ್ಕಳಿಲ್ಲದೆ ಉಳಿದವಳು, ಅಂಗವೈಕಲ್ಯದ ದೆಸೆಯಿಂದ ವಿವಾಹವಾಗದೆ ನಿಂತವಳು, ಮನೆಯನ್ನು ತೊರೆದು ಹೋದವಳು, ಇವರೆಲ್ಲರೂ ತಮ್ಮ ಹೊಟ್ಟೆಬಟ್ಟೆಗಳಿಗೆ ತಾವೇ ದಾರಿ ಹುಡುಕಬೇಕಾಗಿದ್ದಿತು. ಶಾಸ್ತ್ರಕಾರರು ಇವರನ್ನು ಮರೆತವರಲ್ಲ.

ಸ್ತ್ರೀಯರಿಗೆ ಸ್ವಾತಂತ್ರ್ಯವಿಲ್ಲವೆಂಬ ಸ್ಮೃತಿವಚನವು ಸರ್ವಜನವಿದಿತವಾಗಿರುವುದರಿಂದ, ಒಂಟಿಯಾಗಿ ಬಾಳುವ ಸ್ತ್ರೀಯ ವಿಷಯದಲ್ಲಿ ಪ್ರಾಚೀನರು ಹೇಳಿರುವುದು ಬೇರೇನೂ ಇರಲಾರದೆಂದು ಹಲವರು ಭಾವಿಸುವುದುಂಟು. ಗ್ರಂಥಗಳನ್ನು ವಿಮರ್ಶಿಸಿ ನೋಡಿದರೆ ಈ ಭಾವನೆಯು ನಿಲ್ಲುವುದಿಲ್ಲ. ಆಕೆಯ ಕೂಲಿ, ಆಕೆಯ ಇಡುಗಂಟು, ಆಕೆಗೆ ಸಲ್ಲುವ ಜೀವನಾಂಶ, ಆಕೆಗೆ ಬರುವ ದಾಯ, ಈ ನಾಲ್ಕು ವಿಷಯಗಳಲ್ಲಿಯೂ ಶಾಸ್ತ್ರಕಾರರು ಸೂಕ್ಷ್ಮವಾಗಿ ವಿಚಾರಮಾಡಿರುವರು. ಪರಸ್ಪರ ವಿವಾದವನ್ನೂ ಹೂಡಿರುವರು. ಆ ವಿವಾದದಲ್ಲಿ ಅಡಗಿರುವ ಮುಖ್ಯ ಪ್ರಶ್ನೆ ಯಾವುದೆಂದರೆ: ಒಂಟಿ ಸ್ತ್ರೀಗೆ ಸಲ್ಲತಕ್ಕದ್ದು ಅನ್ನವೇ, ಅಥವಾ ಸ್ವತ್ತೇ? ಅನ್ನವನ್ನು ಹಾಕುವವನು ನಿಲ್ಲಿಸಬಲ್ಲನು. ಸ್ವತ್ತನ್ನು ಹೊಂದಿದವಳು ಯಾರ ಮುಖವನ್ನೂ ನೋಡಬೇಕಾಗಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಗ್ರಂಥಗಳ ಅಭಿಪ್ರಾಯಗಳನ್ನು ಕ್ರಮವಾಗಿ ಪರಿಶೀಲಿಸುವುದು ಉಚಿತವಾಗಿದೆ.

೨. ದೈನಂದಿನ ಲೆಕ್ಕ

ಮನೆವಾರ್ತೆಯ ಕ್ರಮವನ್ನು ವಿಶದವಾಗಿ ಹೇಳುವ ಪ್ರಾಚೀನ ಗ್ರಂಥಗಳಲ್ಲಿ ವಾತ್ಸ್ಯಾಯನನ ಕಾಮಸೂತ್ರವು ಒಂದೆಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಅದರ ನಾಲ್ಕನೆಯ ಅಧಿಕರಣವಾದ ಭಾರ್ಯಾಧಿಕಾರಿಕದ ಮೊದಲನೆಯ ಅಧ್ಯಾಯದಲ್ಲಿ ಗೃಹಿಣಿಯು ಮಾಡತಕ್ಕ ಕಾರ್ಯಗಳ ದೀರ್ಘವಾದ ಪಟ್ಟಿಯಿದೆ. ವರ್ಷದ ಆದಾಯವನ್ನು ಮೊದಲು ಎಣಿಸಿ, ಅದಕ್ಕೆ ತಕ್ಕಂತೆ ವೆಚ್ಚವನ್ನು ಗೊತ್ತುಮಾಡತಕ್ಕದ್ದೆಂದು ಅಲ್ಲಿ ವಿಧಿಸಲ್ಪಟ್ಟಿದೆ. ಉಪ್ಪು, ಎಣ್ಣೆ, ಗಂಧದ್ರವ್ಯ, ಔಷಧಿಗಳೇ ಮೊದಲಾದ ದುರ್ಲಭವಸ್ತುಗಳನ್ನು ಮನೆಯಲ್ಲಿ ಕೂಡಿಟ್ಟಿರಬೇಕು. ಉಂಡು ಮಿಕ್ಕ ಹಾಲನ್ನು ತುಪ್ಪವಾಗಿ ಮಾಡಬೇಕು. ಹತ್ತಿಯನ್ನು ನೂಲಾಗಿಯೂ ನೂಲನ್ನು ಬಟ್ಟೆಯಾಗಿಯೂ ಮಾಡಿಸಬೇಕು. ಹೊಟ್ಟು, ನುಚ್ಚು, ತೌಡು, ಇದ್ದಲುಗಳು ಕೂಡ ವ್ಯರ್ಥವಾಗದಂತೆ ನೋಡಿಕೊಳ್ಳಬೇಕು. ಆಳುಗಳ ವೇತನ ಮತ್ತು ಊಟದ ಲೆಕ್ಕವನ್ನು ಅರಿತಿರಬೇಕು. ಪ್ರತಿದಿನದ ಆಯವ್ಯಯಗಳನ್ನು ಮೊತ್ತಹಾಕಿ ತಿಳಿದುಕೊಂಡಿರಬೇಕು. ವಾರ್ಷಿಕವಾದ ಅಂದಾಜು ಮತ್ತು ದೈನಂದಿನವಾದ ಜಮಾಖರ್ಚು ಎಂಬ ಎರಡು ಕ್ರಮಗಳೂ ಇಲ್ಲಿ ಸ್ಪಷ್ಟವಾಗಿ ಕಂಡುಬರುತ್ತವೆ.

ಈ ಅಧ್ಯಾಯದಲ್ಲಿಯೇ ಪ್ರವಾಸಚರ್ಯೆಯೆಂಬ ಭಾಗವಿದೆ. ಗಂಡನು ದೇಶಾಂತರದಲ್ಲಿರುವಾಗ ಹೆಂಡತಿಯು ನಡೆದುಕೊಳ್ಳತಕ್ಕ ರೀತಿಯು ಅದರ ವಿಷಯ. ಮಂಗಳಾಭರಣಗಳನ್ನು ಮಾತ್ರ ಧರಿಸುವುದು, ಹಿರಿಯರ ಸಮೀಪದಲ್ಲಿ ಮಲಗುವುದು, ಕಷ್ಟವೋ ಉತ್ಸವವೋ ಇದ್ದಲ್ಲದೆ ತೌರಿಗೆ ಹೋಗದಿರುವುದು ಮುಂತಾದ ನಿಯಮಗಳು ಅಲ್ಲಿವೆ. ಆದರೆ ಅದೇ ಪ್ರಕರಣವು ಆಕೆಯನ್ನು ಕೇವಲ ಕಾಯುತ್ತ ಕುಳಿತವಳೆಂದು ಭಾವಿಸುವುದಿಲ್ಲವೆಂಬುದು ಗಮನಾರ್ಹವಾಗಿದೆ. ನಿತ್ಯನೈಮಿತ್ತಿಕಗಳ ಖರ್ಚನ್ನು ಆಕೆಯೇ ನಡೆಸತಕ್ಕದ್ದು. ಗಂಡನು ಆರಂಭಿಸಿದ ಕಾರ್ಯಗಳನ್ನು ಮುಗಿಸಲು ಪ್ರಯತ್ನಿಸತಕ್ಕದ್ದು. ಪ್ರಾಮಾಣಿಕರಾದ ಸೇವಕರ ಮೂಲಕ, ತಾನೇ ಮೇಲ್ವಿಚಾರಣೆಮಾಡುತ್ತ, ಕ್ರಯವಿಕ್ರಯಗಳಿಂದ ಮನೆಯ ಸಾರವನ್ನು ಹೆಚ್ಚಿಸತಕ್ಕದ್ದು. ಶಕ್ತಿಯಿದ್ದಷ್ಟು ವೆಚ್ಚವನ್ನು ಇಳಿಸತಕ್ಕದ್ದು. ಅಂದಮೇಲೆ ಬಂಡವಾಳವನ್ನು ತೊಡಗಿಸಿ ಬೆಳೆಸುವ ಅಧಿಕಾರವು ಪ್ರೋಷಿತಭರ್ತೃಕೆಗೆ ಇದ್ದಿತೆಂದು ವಾತ್ಸ್ಯಾಯನನು ಒಪ್ಪಿದಂತಾಯಿತು.

ಆದರೆ ಈ ಚಿತ್ರವು ಸಂಪನ್ನನಾದ ನಾಗರಿಕನ ಮನೆಯದು. ಕಣಜದಲ್ಲಿ ಧಾನ್ಯವೂ ಕೈಕೆಳಗೆ ಸೇವಕರೂ ಇರುವವಳಿಗೆ ಮಾತ್ರ ಈ ಉಪದೇಶವು ಸಲ್ಲುತ್ತದೆ. ಗಂಡನು ಏನನ್ನೂ ಇಟ್ಟುಹೋಗದಿದ್ದರೆ ಗತಿಯೇನು? ಈ ಪ್ರಶ್ನೆಯನ್ನು ಮನುವು ಎತ್ತಿಕೊಂಡಿರುವನು. ಜೀವನಕ್ಕೆ ಏರ್ಪಾಡುಮಾಡಿ ಹೋದ ಗಂಡನ ಹೆಂಡತಿಯು ನಿಯಮದಿಂದಿದ್ದು ಅದರಿಂದ ಜೀವಿಸತಕ್ಕದ್ದೆಂದೂ, ಏರ್ಪಾಡುಮಾಡದೆ ಹೋದವನ ಹೆಂಡತಿಯು ನಿಂದ್ಯವಲ್ಲದ ಶಿಲ್ಪಗಳಿಂದ ಜೀವಿಸಬಹುದೆಂದೂ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಲ್ಪಟ್ಟಿದೆ. ನಿಂದ್ಯವಲ್ಲದ ಶಿಲ್ಪವೆಂದರೆ ನೂಲುವುದೇ ಮೊದಲಾದ ಕೆಲಸವೆಂದು ವ್ಯಾಖ್ಯಾನಕಾರನಾದ ಕುಲ್ಲೂಕಭಟ್ಟನು ವಿವರಿಸಿರುವನು. ಆದರೆ ಹತ್ತಿಯನ್ನು ಕೊಡುವವರು ಯಾರು, ನೂಲನ್ನು ಕೊಳ್ಳುವವರು ಯಾರು, ಕೂಲಿಯು ಸಿಕ್ಕದಿದ್ದರೆ ಕೇಳುವವರು ಯಾರೆಂಬುದನ್ನು ಮನುವು ಹೇಳಿಲ್ಲ. ಅದಕ್ಕೆ ಉತ್ತರವು ಕೌಟಿಲ್ಯನಲ್ಲಿ ದೊರೆಯುತ್ತದೆ.

೩. ನೂಲಿನ ಕೂಲಿ

ಕೌಟಿಲೀಯ ಅರ್ಥಶಾಸ್ತ್ರವು ಬಹುಕಾಲ ಹೆಸರಿನಿಂದ ಮಾತ್ರ ತಿಳಿದಿದ್ದ ಗ್ರಂಥ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅದರ ಮೂಲವನ್ನೂ, ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದ ಬಳಿಕ ಪ್ರಾಚೀನ ಭಾರತದ ಆರ್ಥಿಕಜೀವನದ ಜ್ಞಾನವು ಹೊಸರೂಪವನ್ನು ತಾಳಿತು. ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಮೌರ್ಯ ಚಂದ್ರಗುಪ್ತನ ಕಾಲದ್ದೆಂಬುದು ಸಂಪ್ರದಾಯ, ಈಗಿರುವ ರೂಪವು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಸಿದ್ಧವಾದುದೆಂಬುದು ಇತ್ತೀಚಿನ ಹಲವರ ಮತ.

ಈ ಗ್ರಂಥದ ಎರಡನೆಯ ಅಧಿಕರಣದ ೨೩ನೆಯ ಅಧ್ಯಾಯವು ಸೂತ್ರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುತ್ತದೆ. ಉಣ್ಣೆ, ನಾರು, ಹತ್ತಿ, ಸೆಣಬು ಮುಂತಾದವುಗಳನ್ನು ನೂಲಿಸುವ ಕೆಲಸವನ್ನು ಈತನು ವಿಧವೆಯರು, ಅಂಗವಿಕಲರಾದ ಸ್ತ್ರೀಯರು, ಕನ್ಯೆಯರು, ಮನೆಯನ್ನು ಬಿಟ್ಟುಬಂದವರು, ದಂಡವನ್ನು ದುಡಿಮೆಯಿಂದ ತೀರಿಸುವವರು, ವೃದ್ಧೆಯರಾದ ರಾಜದಾಸಿಯರು, ದೇವಾಲಯದ ಸೇವೆಯಿಂದ ನಿವೃತ್ತರಾದ ದೇವದಾಸಿಯರು ಮೊದಲಾದವರಿಂದ ಮಾಡಿಸತಕ್ಕದ್ದು. ಈ ಪಟ್ಟಿಯನ್ನು ನೋಡಿದರೆ, ಆಸರೆಯಿಲ್ಲದೆ ಬಾಳುವ ಸ್ತ್ರೀಯರ ಗಣತಿಯೇ ಇದೆಂದು ತೋರುವುದು. ನೂಲು ನವಿರೋ ಒರಟೋ ಮಧ್ಯಮವೋ ಎಂಬುದನ್ನೂ ಅದರ ಪ್ರಮಾಣವನ್ನೂ ನೋಡಿ ಕೂಲಿಯನ್ನು ಗೊತ್ತುಮಾಡಬೇಕು. ಹೆಚ್ಚಾಗಿ ನೂತವರಿಗೆ ಎಣ್ಣೆ, ನೆಲ್ಲಿಯ ಲೇಪನಗಳನ್ನು ಕೊಟ್ಟು ಮನ್ನಿಸಬೇಕು. ಹಬ್ಬದ ದಿನಗಳಲ್ಲಿ ಕೆಲಸಮಾಡಿಸಿದರೆ ವಿಶೇಷವಾಗಿ ಸತ್ಕರಿಸಬೇಕು. ಕೊಟ್ಟ ದ್ರವ್ಯಕ್ಕಿಂತ ನೂಲು ಕಡಿಮೆಯಾದರೆ ಅದರ ಬೆಲೆಗೆ ತಕ್ಕಂತೆ ಕೂಲಿಯನ್ನು ಕಳೆಯಬೇಕು.

ಇದಕ್ಕಿಂತಲೂ ವಿಚಾರಣೀಯವಾದುದು ಮುಂದಿನ ಭಾಗ. ಮನೆಯಿಂದ ಹೊರಗೆ ಬಾರದವರಾಗಿ, ಗಂಡನು ದೇಶಾಂತರದಲ್ಲಿರುವವರೋ ವಿಧವೆಯರೋ ಅಂಗವಿಕಲರೋ ಕನ್ಯೆಯರೋ ತಮ್ಮನ್ನು ತಾವೇ ಪೋಷಿಸಿಕೊಳ್ಳಲಿಚ್ಛಿಸಿದರೆ, ಅಧ್ಯಕ್ಷನು ತನ್ನ ದಾಸಿಯರ ಮೂಲಕ ಕೆಲಸವನ್ನು ಅವರ ಮನೆಗೇ ಕಳುಹಿಸಿ, ಆದರದಿಂದ ಮಾಡಿಸತಕ್ಕದ್ದು. ತಾವೇ ನೂಲಿನ ಶಾಲೆಗೆ ಬರುವವರ ವಿಷಯದಲ್ಲಿ, ಮುಂಜಾನೆಯ ಹೊತ್ತಿನಲ್ಲಿ ನೂಲನ್ನು ತೆಗೆದುಕೊಂಡು ಕೂಲಿಯನ್ನು ಕೊಡತಕ್ಕದ್ದು; ದೀಪವು ನೂಲನ್ನು ಪರೀಕ್ಷಿಸುವುದಕ್ಕೆ ಮಾತ್ರ. ಬಂದ ಸ್ತ್ರೀಯ ಮುಖವನ್ನು ನೋಡಿದರೂ, ಕೆಲಸದ ಮಾತಲ್ಲದೆ ಬೇರೆ ಮಾತನಾಡಿದರೂ ಅಧಿಕಾರಿಗೆ ಪೂರ್ವಸಾಹಸದಂಡ. ಕೂಲಿಯನ್ನು ಕೊಡುವ ಕಾಲವನ್ನು ಮೀರಿದರೆ ಮಧ್ಯಮಸಾಹಸದಂಡ.

ಈ ಎರಡು ದಂಡಗಳ ತಾರತಮ್ಯವನ್ನು ಗಮನಿಸಬೇಕು. ಮೂರನೆಯ ಅಧಿಕರಣದ ೧೭ನೆಯ ಅಧ್ಯಾಯದಂತೆ ಪೂರ್ವಸಾಹಸವೆಂದರೆ ೪೮ರಿಂದ ೯೬ ಪಣಗಳವರೆಗೆ. ಮಧ್ಯಮಸಾಹಸವೆಂದರೆ ೨೦೦ರಿಂದ ೫೦೦ ಪಣಗಳವರೆಗೆ. ಅಂದರೆ, ಒಂಟಿ ಸ್ತ್ರೀಯ ಮರ್ಯಾದೆಗೆ ಕುಂದುಂಟುಮಾಡುವುದಕ್ಕಿಂತ ಆಕೆಯ ಕೂಲಿಯನ್ನು ತಡಮಾಡುವುದು ಎರಡರಷ್ಟಕ್ಕೂ ಮೀರಿದ ಅಪರಾಧವೆಂದು ಗ್ರಂಥಕಾರನು ಎಣಿಸಿರುವನು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕೂಡುಮನೆಯಲ್ಲಿ ಒಬ್ಬನ ಸಂಪಾದನೆಯು ತಡವಾದರೆ ಇನ್ನೊಬ್ಬನದರಿಂದ ಒಲೆಯು ಉರಿಯುತ್ತದೆ. ಒಂಟಿ ಸ್ತ್ರೀಯ ಮನೆಯಲ್ಲಿ ಕೂಲಿಯು ಬಾರದ ದಿನವು ಉಪವಾಸದ ದಿನ. ಕೂಲಿಯನ್ನು ತಡೆದಿಟ್ಟುಕೊಂಡವನು ಆಕೆಯನ್ನು ಯಾವ ಷರತ್ತಿಗಾದರೂ ಒಪ್ಪಿಸಬಲ್ಲನು. ಆದುದರಿಂದ ಮಾನರಕ್ಷಣೆಗೂ ಕಾಲಕ್ಕೆ ಸರಿಯಾದ ವೇತನವೇ ಮೂಲವೆಂಬುದು ಈ ದಂಡವಿಧಿಯ ತಾತ್ಪರ್ಯವೆಂದು ಹೇಳಬಹುದು. ಮತ್ತೊಂದು ಕಡೆಯಲ್ಲಿ, ವೇತನವನ್ನು ಪಡೆದು ಕೆಲಸಮಾಡದವಳಿಗೆ ಹೆಬ್ಬೆರಳನ್ನು ಕುರಿತ ಕ್ರೂರವಾದ ಶಿಕ್ಷೆಯೂ ಇದೇ ಅಧ್ಯಾಯದಲ್ಲಿ ವಿಧಿಸಲ್ಪಟ್ಟಿರುವುದನ್ನು ಮರೆಮಾಚುವಂತಿಲ್ಲ. ನೂಲಿನ ಶಾಲೆಯು ಧರ್ಮಸತ್ರವಾಗಿರಲಿಲ್ಲ. ರಾಜನ ಬೊಕ್ಕಸಕ್ಕೆ ಲಾಭವನ್ನು ತರುವ ಕಾರ್ಯಾಗಾರವಾಗಿತ್ತು.

ಇದಲ್ಲದೆ, ಬಾಲರು, ವೃದ್ಧರು, ವಿಪತ್ತಿಗೊಳಗಾದವರು, ಅನಾಥರು ಇವರನ್ನು ರಾಜನೇ ಪೋಷಿಸತಕ್ಕದ್ದೆಂದೂ, ಶಕ್ತಿಯಿದ್ದು ಹೆಂಡತಿಮಕ್ಕಳನ್ನೂ ತಂದೆತಾಯಿಗಳನ್ನೂ ಅವಿವಾಹಿತೆಯರೂ ವಿಧವೆಯರೂ ಆದ ಸೋದರಿಯರನ್ನೂ ಪೋಷಿಸದವನಿಗೆ ೧೨ ಪಣಗಳ ದಂಡವೆಂದೂ, ಹೆಂಡತಿಮಕ್ಕಳ ಜೀವನಕ್ಕೆ ಏರ್ಪಡಿಸದೆ ಸಂನ್ಯಾಸವನ್ನು ಸ್ವೀಕರಿಸುವವನಿಗೆ ಪೂರ್ವಸಾಹಸದಂಡವೆಂದೂ ಕೌಟಿಲ್ಯನು ಹೇಳಿರುವನು. ಮೋಕ್ಷಮಾರ್ಗವನ್ನು ಹಿಡಿಯುವವನು ಕೂಡ ಮೊದಲು ಮನೆಯ ಲೆಕ್ಕವನ್ನು ತೀರಿಸಬೇಕೆಂಬುದು ಇದರ ಅರ್ಥ.

೪. ಇಡುಗಂಟು

ಕೂಲಿಯು ದಿನದ ಅನ್ನಕ್ಕೆ. ರೋಗ, ಮುಪ್ಪು, ಕ್ಷಾಮಗಳಿಗೆ ಆಧಾರವಾವುದು? ಸ್ತ್ರೀಧನವೆಂಬ ಏರ್ಪಾಡು ಈ ಪ್ರಶ್ನೆಗೆ ಶಾಸ್ತ್ರದ ಉತ್ತರ. ಕೌಟಿಲ್ಯನ ಮತದಲ್ಲಿ ಅದು ವೃತ್ತಿ ಮತ್ತು ಆಬಂಧ್ಯವೆಂದು ಎರಡು ವಿಧ. ಆಬಂಧ್ಯವೆಂದರೆ ಮೈಮೇಲಿನ ಒಡವೆ; ಅದಕ್ಕೆ ಮಿತಿಯಿಲ್ಲ. ವೃತ್ತಿಯೆಂದರೆ ಜೀವನಕ್ಕಾಗಿ ಸ್ಥಾಪಿಸಿದ ಮೂಲಧನ. ಅದನ್ನು ಕುರಿತು ಎರಡು ಸಾವಿರ ಪಣಗಳ ಸಂಖ್ಯೆಯು ಹೇಳಲ್ಪಟ್ಟಿದೆ. ಈ ಸ್ಥಳದಲ್ಲಿ ಅರ್ಥಭೇದವುಂಟು. ಎರಡು ಸಾವಿರಕ್ಕೆ ಮೇಲ್ಪಟ್ಟದ್ದೆಂದು ಶಾಮಶಾಸ್ತ್ರಿಗಳು ಅನುವಾದಿಸಿದರು. ಎರಡು ಸಾವಿರವು ಪರಮಾವಧಿಯೆಂದು ಅನಂತರ ಬಂದ ಆರ್. ಪಿ. ಕಾಂಗ್ಲೆಯವರು ಅರ್ಥಮಾಡಿದರು. ಕಾತ್ಯಾಯನಸ್ಮೃತಿಯಲ್ಲಿಯೂ ಬಂಧುಗಳು ಕೊಡುವ ಸ್ತ್ರೀಧನಕ್ಕೆ ಎರಡು ಸಾವಿರವೇ ಪರಮಾವಧಿಯೆಂದು ಹೇಳಿರುವುದರಿಂದ ಎರಡನೆಯ ಅರ್ಥವೇ ಹೆಚ್ಚು ಯುಕ್ತವೆಂದು ತೋರುತ್ತದೆ.

ಈ ಮೊತ್ತದ ಬೆಲೆಯೆಷ್ಟೆಂಬುದನ್ನು ಅದೇ ಗ್ರಂಥದಿಂದಲೇ ಅಳೆಯಬಹುದು. ಐದನೆಯ ಅಧಿಕರಣದ ವೇತನಪಟ್ಟಿಯಲ್ಲಿ ಅತ್ಯಂತ ಕೆಳಗಿನ ದರ್ಜೆಯ ಪರಿಚಾರಕರಿಗೆ ೬೦ ಪಣಗಳ ವೇತನವು ಗೊತ್ತಾಗಿದೆ. ಇದನ್ನು ವಾರ್ಷಿಕವೆಂದು ಹಿಡಿದರೆ ೨೦೦೦ ಪಣಗಳು ಅಂಥವನ ೩೩ ವರ್ಷಗಳ ಸಂಬಳಕ್ಕೆ ಸಮಾನ. ಮಿತವಾಗಿ ಬಾಳುವ ಒಬ್ಬ ಸ್ತ್ರೀಯು ಯೌವನದಲ್ಲಿ ವಿಧವೆಯಾದರೂ ಮುಪ್ಪಿನವರೆಗೆ ಜೀವಿಸಲು ಸಾಲುವಷ್ಟು ಧನವಿದು. ಆದುದರಿಂದ ಈ ಸಂಖ್ಯೆಯು ಯಾದೃಚ್ಛಿಕವಾದುದಲ್ಲ, ಒಬ್ಬಳ ಆಯುಷ್ಯವನ್ನು ಲೆಕ್ಕಹಾಕಿ ಗೊತ್ತುಮಾಡಿದುದೆಂದು ಊಹಿಸಿದರೆ ತಪ್ಪಾಗಲಾರದು. ಇಂಥ ಧನವೆಲ್ಲರಿಗೂ ಇರುತ್ತಿರಲಿಲ್ಲವೆಂಬುದಂತೂ ನೂಲಿನ ಶಾಲೆಯ ಪ್ರಕರಣದಿಂದಲೇ ಸ್ಪಷ್ಟವಾಗುತ್ತದೆ.

ಗಂಡನು ಏರ್ಪಾಡುಮಾಡದೆ ದೇಶಾಂತರಕ್ಕೆ ಹೋದಾಗ ತನ್ನ ಮತ್ತು ಮಕ್ಕಳ ಜೀವನಕ್ಕಾಗಿ ಈ ಧನವನ್ನು ಬಳಸುವುದು ಆಕೆಗೆ ದೋಷವಲ್ಲ. ಗಂಡನು ಸತ್ತ ಬಳಿಕ ಧರ್ಮದಿಂದಿರಲಿಚ್ಛಿಸುವವಳು ಆ ಕೂಡಲೇ ಮೂಲಧನವನ್ನೂ ಒಡವೆಗಳನ್ನೂ ಮಿಕ್ಕ ಶುಲ್ಕವನ್ನೂ ಪಡೆಯತಕ್ಕದ್ದು. ಅನ್ನವಿಲ್ಲದೆ ಒಂದು ದಿನವೂ ಕಳೆಯದಿರಲೆಂಬುದೇ ಆ ಕೂಡಲೇ ಎಂಬುದರ ಅಭಿಪ್ರಾಯ. ಕ್ಷಾಮ, ಧರ್ಮಕಾರ್ಯ, ವ್ಯಾಧಿ, ಬಂಧನ ಈ ನಾಲ್ಕು ಸಂದರ್ಭಗಳಲ್ಲಿ ತೆಗೆದುಕೊಂಡ ಸ್ತ್ರೀಧನವನ್ನು ಮಾತ್ರ ಗಂಡನು ಹಿಂದಕ್ಕೆ ಕೊಡಬೇಕಾಗಿಲ್ಲವೆಂದು ಯಾಜ್ಞವಲ್ಕ್ಯನು ಹೇಳಿರುವುದರಿಂದ, ಮಿಕ್ಕೆಲ್ಲ ಸಂದರ್ಭಗಳಲ್ಲಿಯೂ ಅದು ಗಂಡನ ಮೇಲಿನ ಸಾಲವೇ ಆಯಿತು. ಜೀವಂತಳಾಗಿರುವ ಸ್ತ್ರೀಯ ಧನವನ್ನು ಅಪಹರಿಸುವ ಬಂಧುಗಳನ್ನು ಕಳ್ಳರಂತೆ ದಂಡಿಸತಕ್ಕದ್ದೆಂದು ಮನುವಿನ ಎಂಟನೆಯ ಅಧ್ಯಾಯದಲ್ಲಿದೆ. ಇಂಥ ವಿಧಿಯು ಅವಶ್ಯವಾಯಿತೆಂಬುದರಿಂದಲೇ ಅಂಥ ಅಪಹಾರವು ಅಪರೂಪವಾಗಿರಲಿಲ್ಲವೆಂದು ತಿಳಿಯತಕ್ಕದ್ದು.

ಆದರೆ ಈ ಏರ್ಪಾಡಿನಲ್ಲಿ ಒಂದು ದೊಡ್ಡ ಕೊರತೆಯಿದ್ದಿತು. ಬಂಧುಗಳು ಪ್ರೀತಿಯಿಂದ ಕೊಟ್ಟ ಸೌದಾಯಿಕಧನದಲ್ಲಿ ಸ್ತ್ರೀಗೆ ದಾನವಿಕ್ರಯಗಳ ಪೂರ್ಣಸ್ವಾತಂತ್ರ್ಯವನ್ನು ಕೊಟ್ಟ ಕಾತ್ಯಾಯನನೇ, ಆಕೆಯು ಶಿಲ್ಪದಿಂದ ಸಂಪಾದಿಸಿದ ಧನದಲ್ಲಿ ಗಂಡನಿಗೆ ಸ್ವಾಮ್ಯವೆಂದು ಹೇಳಿರುವನು. ತಾನಾಗಿ ಬಂದ ಉಡುಗೊರೆಯು ಆಕೆಯದು. ಬೆರಳು ಸವೆಸಿ ನೂತ ನೂಲಿನ ಬೆಲೆಯು ಆಕೆಯದಲ್ಲ! ಗಂಡನಿಲ್ಲದವಳಿಗೆ ಮಾತ್ರ ತನ್ನ ದುಡಿಮೆಯ ಹಣವು ನಿಜವಾಗಿ ತನ್ನದಾಗುತ್ತಿತ್ತು.

೫. ವಿಜ್ಞಾನೇಶ್ವರನ ಸಿದ್ಧಾಂತ

ಮಕ್ಕಳಿಲ್ಲದೆ ಸತ್ತವನ ಆಸ್ತಿಯು ಯಾರಿಗೆ ಸೇರತಕ್ಕದ್ದು? ಪ್ರಾಚೀನಸೂತ್ರಕಾರರಲ್ಲಿ ಆಪಸ್ತಂಬನು ಸಪಿಂಡ, ಆಚಾರ್ಯ, ಶಿಷ್ಯ, ಮಗಳು, ಕಡೆಗೆ ರಾಜ ಎಂದು ಹೇಳುವನೇ ಹೊರತು ಪತ್ನಿಯನ್ನು ಹೆಸರಿಸುವುದಿಲ್ಲ. ಸ್ತ್ರೀಯರಿಗೆ ದಾಯವಿಲ್ಲವೆಂದು ಬೌಧಾಯನನು ಶ್ರುತಿಯನ್ನೇ ಆಧಾರವಾಗಿ ಕೊಡುವನು. ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ ಧನಮಿತ್ರನೆಂಬ ವರ್ತಕನು ಹಡಗು ಮುಳುಗಿ ಸತ್ತಾಗ, ಅವನ ಧನವು ರಾಜನಿಗೆ ಸೇರತಕ್ಕದ್ದೆಂದು ಮಂತ್ರಿಯು ಬರೆದು ಕಳುಹಿಸುವನು; ಅವನ ಪತ್ನಿಯರಲ್ಲಿ ಯಾರಾದರೂ ಗರ್ಭಿಣಿಯಾಗಿರುವಳೇ ಎಂದು ದುಷ್ಯಂತನು ವಿಚಾರಿಸುವನು. ಪತ್ನಿಯು ತಾನೇ ದಾಯಾರ್ಹಳೆಂಬ ಯೋಚನೆಯೇ ಅಲ್ಲಿ ಬರುವುದಿಲ್ಲ.

ಇದಕ್ಕೆ ವಿರುದ್ಧವಾಗಿ ಯಾಜ್ಞವಲ್ಕ್ಯನು ಅಪುತ್ರನ ದಾಯಾದರ ಪಟ್ಟಿಯಲ್ಲಿ ಪತ್ನಿಯನ್ನೇ ಮೊದಲನೆಯವಳನ್ನಾಗಿ ಇಟ್ಟನು. ಆಕೆಯ ಬಳಿಕ ಹೆಣ್ಣುಮಕ್ಕಳು, ತಂದೆತಾಯಿಗಳು, ಸೋದರರು. ಪತ್ನಿಯು ಗಂಡನ ದೇಹಾರ್ಧವಾದುದರಿಂದ, ಆ ಅರ್ಧವು ಜೀವಿಸಿರುವಾಗ ಬೇರೊಬ್ಬನು ಧನವನ್ನು ಹೇಗೆ ತೆಗೆದುಕೊಳ್ಳುವನೆಂಬುದು ಬೃಹಸ್ಪತಿಯ ವಾದ. ಹೀಗೆ ವಚನಗಳು ಪರಸ್ಪರವಿರುದ್ಧವಾಗಿರಲಾಗಿ, ಅವುಗಳನ್ನು ಸಮನ್ವಯಗೊಳಿಸುವ ಭಾರವು ನಿಬಂಧಕಾರರ ಮೇಲೆ ಬಿದ್ದಿತು.

ಈ ಕಾರ್ಯವನ್ನು ಸರ್ವಮಾನ್ಯವಾದ ರೀತಿಯಲ್ಲಿ ನೆರವೇರಿಸಿದವನು ಕರ್ಣಾಟಕದ ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (೧೦೭೬–೧೧೨೬) ಈಗ ಬೀದರ ಜಿಲ್ಲೆಯ ಬಸವಕಲ್ಯಾಣವೆಂದು ಪ್ರಸಿದ್ಧವಾಗಿರುವ ಕಲ್ಯಾಣನಗರದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಈತನು ರಚಿಸಿದ ಮಿತಾಕ್ಷರಾ ಎಂಬ ವ್ಯಾಖ್ಯಾನವು ವಂಗದೇಶವೊಂದನ್ನುಳಿದು ಬಹುತೇಕ ಭಾರತಕ್ಕೆಲ್ಲ ಪ್ರಮಾಣಗ್ರಂಥವಾಯಿತು. ವಿಧವೆಗೆ ಅನ್ನವಸ್ತ್ರಗಳಷ್ಟೇ ಸಲ್ಲುವುವೆಂದು ಹೇಳುವ ನಾರದಾದಿಗಳ ವಚನಗಳು ಅವಿಭಕ್ತರ ಅಥವಾ ವಿಭಾಗಾನಂತರ ಪುನಃ ಕೂಡಿದವರ ವಿಷಯವೆಂದೂ, ಗಂಡನು ವಿಭಕ್ತನಾಗಿ ಅಪುತ್ರನಾಗಿ ಮೃತನಾದರೆ ಸಾಧ್ವಿಯಾದ ಪತ್ನಿಯು ಆಸ್ತಿಯೆಲ್ಲವನ್ನೂ ಪಡೆಯತಕ್ಕವಳೆಂದೂ ಈತನು ಸಿದ್ಧಾಂತಮಾಡಿದನು. ನಿಯೋಗಕ್ಕೆ ಒಪ್ಪಿದವಳಿಗೆ ಮಾತ್ರ ದಾಯವೆಂಬ ಧಾರೇಶ್ವರನ ಮತವನ್ನೂ, ಆಸ್ತಿಯು ಅಲ್ಪವಾಗಿದ್ದರೆ ಪತ್ನಿಗೆ, ಅಧಿಕವಾಗಿದ್ದರೆ ಆಕೆಗೆ ಜೀವನಾಂಶಮಾತ್ರವೆಂಬ ಶ್ರೀಕರಾದಿಗಳ ಮತವನ್ನೂ ಖಂಡಿಸಿದನು. ಧನವೆಲ್ಲವೂ ಯಜ್ಞಾರ್ಥವಾದುದು, ಯಜ್ಞದಲ್ಲಿ ಸ್ತ್ರೀಗೆ ಸ್ವತಂತ್ರವಾದ ಅಧಿಕಾರವಿಲ್ಲ, ಆದುದರಿಂದ ಧನದಲ್ಲಿಯೂ ಇಲ್ಲವೆಂಬ ಆಕ್ಷೇಪಕ್ಕೆ, ಧನವು ಯಜ್ಞಕ್ಕೆ ಮಾತ್ರವಲ್ಲ, ದಾನಕ್ಕೂ ಜೀವನದ ಇತರ ಪುರುಷಾರ್ಥಗಳಿಗೂ ಬೇಕೆಂದು ಸಮಾಧಾನವನ್ನು ಹೇಳಿದನು. ಒಂಟಿ ಸ್ತ್ರೀಗೂ ತನ್ನದೇ ಆದ ಪ್ರಯೋಜನಗಳುಂಟೆಂಬುದನ್ನು ಈ ವಾದವು ಒಪ್ಪಿಕೊಂಡಿತು.

ಸ್ತ್ರೀಧನದ ವಿಷಯದಲ್ಲಿ ಈತನು ಇನ್ನೂ ಮುಂದೆ ಹೋದನು. ಸ್ತ್ರೀಧನದ ವಿಧಗಳನ್ನು ಹೇಳುವ ಯಾಜ್ಞವಲ್ಕ್ಯನ ಶ್ಲೋಕದಲ್ಲಿ ಕಡೆಗೆ ಬರುವ ‘ಆದ್ಯ’ ಎಂಬ ಪದಕ್ಕೆ ಮೊದಲಾದುವು ಎಂದು ಅರ್ಥಮಾಡಿ, ದಾಯ, ಕ್ರಯ, ವಿಭಾಗ, ಪರಿಗ್ರಹ, ನಿಧಿಲಾಭ ಇವುಗಳಿಂದ ಬಂದುದೆಲ್ಲವೂ ಸ್ತ್ರೀಧನವೇ ಎಂದೂ, ಸ್ತ್ರೀಧನಶಬ್ದವು ಯೌಗಿಕವೇ ಹೊರತು ಪಾರಿಭಾಷಿಕವಲ್ಲವೆಂದೂ ಹೇಳಿದನು. ಅಂದರೆ ಸ್ತ್ರೀಯದಾದ ಧನವೆಲ್ಲವೂ ಸ್ತ್ರೀಧನ. ವಂಗದೇಶದ ಜೀಮೂತವಾಹನನು ತನ್ನ ದಾಯಭಾಗದಲ್ಲಿ ಅದೇ ಶ್ಲೋಕವನ್ನು ‘ಆದ್ಯ’ಪದವಿಲ್ಲದ ಪಾಠದಿಂದ ಓದಿದನು. ಒಂದು ಪದದ ಪಾಠಾಂತರದಿಂದ ಎಷ್ಟು ಮನೆಗಳ ಗತಿಯು ಬೇರೆಯಾಯಿತೆಂಬುದು ಚಿಂತನೀಯ. ಆದರೆ ಅವಿಭಕ್ತಕುಟುಂಬದ ವಿಧವೆಗೆ ವಿಜ್ಞಾನೇಶ್ವರನಲ್ಲಿ ಅನ್ನವಸ್ತ್ರಗಳಿಗಿಂತ ಹೆಚ್ಚಿನದು ಇಲ್ಲ. ಆ ಸ್ಥಿತಿಯಲ್ಲಿ ಗಂಡನ ಪಾಲು ಆಕೆಗೆ ದಾಯಭಾಗದಲ್ಲಿ ದೊರೆಯುತ್ತದೆ, ಮಿತಾಕ್ಷರೆಯಲ್ಲಿ ದೊರೆಯುವುದಿಲ್ಲ. ಈ ಎರಡು ಅಂಶಗಳನ್ನೂ ಒಟ್ಟಿಗೆ ನೋಡಿದಲ್ಲದೆ ತೀರ್ಮಾನವು ನಿಷ್ಪಕ್ಷಪಾತವಾಗದು.

೬. ನ್ಯಾಯಸ್ಥಾನಗಳೂ ಶಾಸನಗಳೂ

ಕೋಲ್‌ಬ್ರೂಕನು ೧೮೧೦ರಲ್ಲಿ ಮಿತಾಕ್ಷರೆಯ ದಾಯಪ್ರಕರಣವನ್ನೂ ದಾಯಭಾಗವನ್ನೂ ಇಂಗ್ಲಿಷಿಗೆ ಅನುವಾದಿಸಿದ ಬಳಿಕ ಈ ಗ್ರಂಥಗಳು ಆಂಗ್ಲನ್ಯಾಯಾಧೀಶರ ಕೈಗೆ ಬಂದವು. ವಿಧವೆಯು ಗಂಡನಿಂದ ಪಡೆದ ದಾಯವು ಸ್ತ್ರೀಧನವಲ್ಲ, ಆಕೆಯ ಅನಂತರ ಗಂಡನ ದಾಯಾದರಿಗೇ ಹೋಗತಕ್ಕದ್ದೆಂದು ಪ್ರಿವಿ ಕೌನ್ಸಿಲು ೧೮೬೭ರಲ್ಲಿ ತೀರ್ಪುಕೊಟ್ಟಿತು. ಮಿತಾಕ್ಷರೆಯನ್ನೇ ಪ್ರಮಾಣವೆಂದು ಹೇಳುತ್ತ ಮಿತಾಕ್ಷರಾಕಾರನ ಸ್ಪಷ್ಟವಾದ ಮಾತನ್ನು ಬಿಟ್ಟಂತಾಯಿತು. ಅಲ್ಲಿಂದ ಮುಂದೆ ವಿಧವೆಯು ಆಸ್ತಿಯ ಒಡತಿಯಾಗಿದ್ದರೂ, ಅವಶ್ಯಕತೆಯನ್ನು ತೋರಿಸದೆ ಅದನ್ನು ಮಾರಲಾರದ ಸೀಮಿತಾಧಿಕಾರವುಳ್ಳವಳಾದಳು.

ಇದೇ ನ್ಯಾಯಸ್ಥಾನವು ಮತ್ತೆರಡು ವಿಷಯಗಳಲ್ಲಿ ಒಂಟಿ ಸ್ತ್ರೀಗೆ ಅನುಕೂಲವಾದ ತೀರ್ಪುಗಳನ್ನೂ ಕೊಟ್ಟಿತು. ಗಂಡನ ಬಂಧುಗಳ ಮನೆಯಲ್ಲಿಯೇ ವಾಸಿಸಬೇಕೆಂಬ ನಿರ್ಬಂಧವು ವಿಧವೆಗಿಲ್ಲವೆಂದೂ, ದುರಾಚಾರಕ್ಕಾಗಿಯಲ್ಲದೆ ಬೇರೆ ವಾಸಿಸಿದ ಮಾತ್ರಕ್ಕೆ ಜೀವನಾಂಶವು ತಪ್ಪುವುದಿಲ್ಲವೆಂದೂ ೧೮೭೩ರಲ್ಲಿ ನಿರ್ಣಯವಾಯಿತು. ಒಮ್ಮೆ ದಾಯವನ್ನು ಪಡೆದ ವಿಧವೆಯಿಂದ, ಆಮೇಲಿನ ನಡತೆಯನ್ನು ಕಾರಣಮಾಡಿ ಅದನ್ನು ಕಿತ್ತುಕೊಳ್ಳುವಂತಿಲ್ಲವೆಂದು ೧೮೮೦ರಲ್ಲಿ ನಿರ್ಣಯವಾಯಿತು. ಈ ಎರಡು ತೀರ್ಪುಗಳನ್ನು ಹೋಲಿಸಿದರೆ ಅನ್ನಕ್ಕೂ ಸ್ವತ್ತಿಗೂ ಇರುವ ಅಂತರವು ಕರತಲಾಮಲಕವಾಗುತ್ತದೆ. ಜೀವನಾಂಶವನ್ನು ಪಡೆಯುವವಳ ನಡೆನುಡಿಗಳ ಮೇಲೆ ಕೊಡುವವರ ಕಣ್ಣು ಯಾವಾಗಲೂ ಇರುತ್ತದೆ. ಸ್ವತ್ತನ್ನು ಹೊಂದಿದವಳಿಗೆ ಆ ಭಯವಿಲ್ಲ.

ಶಾಸನಸಭೆಗಳ ಮೂಲಕ ಸುಧಾರಣೆಯು ಬರುವಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಇಂಡಿಯಾಕ್ಕಿಂತ ಮುಂದಾಯಿತು. ೧೯೩೩ರ ಮೈಸೂರು ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವು ಅವಿಭಕ್ತಕುಟುಂಬದ ಕೆಲವು ಸ್ತ್ರೀಯರಿಗೆ ವಿಭಾಗದಲ್ಲಿ ಪಾಲನ್ನು ಕೊಟ್ಟಿತು. ಸ್ತ್ರೀಯು ತನ್ನ ಕುಶಲತೆಯಿಂದಲೂ ದುಡಿಮೆಯಿಂದಲೂ ಸಂಪಾದಿಸಿದುದನ್ನು ಸ್ತ್ರೀಧನದಲ್ಲಿ ಸೇರಿಸಿತು. ಕಾತ್ಯಾಯನನಿಂದ ಗಂಡನ ಪಾಲಿಗೆ ಹೋಗಿದ್ದ ನೂಲಿನ ಕ್ರಯವು ಹೀಗೆ ಮೈಸೂರಿನಲ್ಲಿ ನೂತವಳಿಗೆ ಮರಳಿತು. ೧೯೩೭ರ ಕೇಂದ್ರಶಾಸನವು ವಿಧವೆಗೆ ಮಗನಷ್ಟು ಪಾಲನ್ನು ಕೊಟ್ಟರೂ ಅದು ಸೀಮಿತವಾದ ಅಧಿಕಾರವಾಗಿಯೇ ಉಳಿಯಿತು. ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನದ ೧೪ನೆಯ ಪ್ರಕರಣವು, ಹಿಂದೂ ಸ್ತ್ರೀಯು ಹೊಂದಿರುವ ಸ್ವತ್ತಿಗೆ ಆಕೆಯೇ ಪೂರ್ಣಸ್ವಾಮಿನಿಯೆಂದು ಘೋಷಿಸಿತು. ದಾಯ, ವಿಭಾಗ, ಕ್ರಯ, ದಾನ, ಸ್ವಂತ ಕುಶಲತೆ ಎಂದು ಅದರ ವಿವರಣೆಯಲ್ಲಿ ಬರುವ ಪಟ್ಟಿಯನ್ನು ಓದಿದರೆ ವಿಜ್ಞಾನೇಶ್ವರನ ‘ಆದ್ಯ’ಪದದ ವಿವರಣೆಯು ನೆನಪಿಗೆ ಬಾರದಿರದು.

ಜೀವನಾಂಶಕ್ಕಾಗಿ ಕೊಟ್ಟ ಭೂಮಿಯ ಗತಿಯೇನೆಂಬ ಪ್ರಶ್ನೆಯು ಉಳಿದಿದ್ದಿತು. ತುಳಸಮ್ಮನೆಂಬ ವಿಧವೆಯ ಗಂಡನು ೧೯೩೧ರಲ್ಲಿ ಅವಿಭಕ್ತಸ್ಥಿತಿಯಲ್ಲಿ ಮೃತನಾದನು. ಜೀವನಾಂಶದ ವ್ಯಾಜ್ಯದಲ್ಲಿ ೧೯೪೯ರ ರಾಜಿಯಂತೆ ಆಕೆಗೆ ಕೆಲವು ಆಸ್ತಿಗಳು ಜೀವಮಾನಪರ್ಯಂತದ ಅನುಭವಕ್ಕೆ ಮಾತ್ರ ದೊರೆತವು. ಆಕೆಯು ಅವುಗಳನ್ನು ಪರಭಾರೆಮಾಡಿದಾಗ ಗಂಡನ ಕಡೆಯವರು ತಡೆದರು. ವಿಧವೆಯ ಜೀವನಾಂಶವು ಕೃಪೆಯಲ್ಲ, ಶಾಸ್ತ್ರಸಿದ್ಧವಾದ ಪೂರ್ವಹಕ್ಕು. ಆ ಹಕ್ಕಿಗೆ ಬದಲಾಗಿ ಕೊಟ್ಟ ಸ್ವತ್ತು ಆಕೆಗೆ ಪೂರ್ಣವಾಗಿ ಸೇರತಕ್ಕದ್ದೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೭೭ರಲ್ಲಿ ತೀರ್ಪುಕೊಟ್ಟಿತು. ಅನ್ನದ ಹಕ್ಕು ಹೀಗೆ ಸ್ವತ್ತಿನ ಹಕ್ಕಾಗಿ ಪರಿಣಮಿಸಿತು.

೭. ಉಪಸಂಹಾರ

ಮೇಲ್ಕಂಡ ವಿಚಾರದಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದು, ಒಂಟಿಯಾಗಿ ಬಾಳುವ ಸ್ತ್ರೀಯು ಪ್ರಾಚೀನ ಸಮಾಜದಲ್ಲಿ ಅಪವಾದವಾಗಿರಲಿಲ್ಲ. ರಾಜನ ಅಧ್ಯಕ್ಷನೊಬ್ಬನ ಕಾರ್ಯಭಾರವೇ ಆಕೆಯ ದುಡಿಮೆಯನ್ನು ಅವಲಂಬಿಸಿತ್ತು. ಎರಡನೆಯದು, ಶಾಸ್ತ್ರಕಾರರಿಗೆ ಒಮ್ಮತವಿರಲಿಲ್ಲ. ಆಕೆಗೆ ಹೊಟ್ಟೆಗೆ ಹಾಕಿದರೆ ಸಾಕೆಂಬವರೂ, ಕೈಗೆ ಕೊಡಬೇಕೆಂಬವರೂ ಶತಮಾನಗಳ ಕಾಲ ವಾದಿಸಿದರು. ಮೂರನೆಯದು, ಈ ವಾದದಲ್ಲಿ ಕಲ್ಯಾಣನಗರದ ವ್ಯಾಖ್ಯಾನಕಾರನು ವಿಭಕ್ತನ ಪತ್ನಿಯ ಪರವಾಗಿ ನಿಂತನು. ಅವಿಭಕ್ತನ ಪತ್ನಿಗೆ ಆತನಿಂದ ದೊರೆಯದುದು ಇಪ್ಪತ್ತನೆಯ ಶತಮಾನದ ಶಾಸನಗಳಿಂದ ದೊರೆಯಿತು.

ಶಾಸನದಲ್ಲಿ ಹಕ್ಕು ಬರೆದ ಮಾತ್ರಕ್ಕೆ ಅದು ಕೈಗೆ ಬಂದಂತಲ್ಲವೆಂಬುದಕ್ಕೆ ೧೯೪೯ರಿಂದ ೧೯೭೭ರವರೆಗೆ ಕಾದ ವಿಧವೆಯೇ ನಿದರ್ಶನ. ಕೂಲಿಯನ್ನು ತಡಮಾಡುವುದಕ್ಕೆ ಕೌಟಿಲ್ಯನು ಅಷ್ಟು ದೊಡ್ಡ ದಂಡವನ್ನು ಏಕೆ ಇಟ್ಟನೆಂಬುದು ಇದರಿಂದಲೂ ತಿಳಿಯುತ್ತದೆ. ಒಂಟಿಯಾಗಿ ಬಾಳುವವರಿಗೆ ಸಲ್ಲತಕ್ಕ ಹಣವು ಎಷ್ಟೆಂಬುದರಷ್ಟೇ, ಅದು ಯಾವ ದಿನ ಅವರ ಕೈಗೆ ಬರುವುದೆಂಬುದೂ ಮುಖ್ಯ. ಆ ಹಣವು ಬಂದಮೇಲೆ, ವರ್ಷದ ಆದಾಯವನ್ನು ಎಣಿಸಿ ವೆಚ್ಚವನ್ನು ಗೊತ್ತುಮಾಡುವ, ದಿನದಿನದ ಲೆಕ್ಕವನ್ನು ಮೊತ್ತಹಾಕುವ ವಿವೇಕವು ಅವರಿಗೆ ಇಲ್ಲದಿರಲಿಲ್ಲವೆಂಬುದಕ್ಕೆ ವಾತ್ಸ್ಯಾಯನನ ಗ್ರಂಥವು ಸಾಕ್ಷಿಯಾಗಿದೆ.